ಕೂದಲ ಬೇರು, ಜಡೆಯ ಗುಟ್ಟು

ಮನುಷ್ಯನ ತಲೆಯ ಮೇಲೆ ಸರಾಸರಿ ಒಂದು ಲಕ್ಷ ಕೂದಲಿರುತ್ತವೆ. ಒಂದೊಂದೂ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳಕ್ಕೆ ಇಳಿದ ಕೇಶಕೂಪವೆಂಬ ಸಣ್ಣ ಚೀಲದಲ್ಲಿ ಹುಟ್ಟುತ್ತದೆ. ಚೀಲದ ತಳದಲ್ಲಿ ಕೂದಲಿನ ಗಡ್ಡೆಯಿದೆ. ರಕ್ತನಾಳಗಳು ಪೋಷಣೆ ತಂದು ಮುಟ್ಟಿಸುವುದು ಅಲ್ಲಿಗೇ. ಅಲ್ಲಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತ ಮೇಲಕ್ಕೆ ಒತ್ತಿಕೊಂಡು ಬರುತ್ತವೆ. ಬರುವ ದಾರಿಯಲ್ಲೇ ಅವುಗಳೊಳಗೆ ಕೆರಾಟಿನ್ ಎಂಬ ಪ್ರೋಟೀನು ತುಂಬಿಕೊಳ್ಳುತ್ತದೆ, ಕೋಶ ಗಟ್ಟಿಯಾಗಿ ಸಾಯುತ್ತದೆ. ಚರ್ಮದಿಂದ ಹೊರಬಂದ ಎಳೆಯಲ್ಲಿ ರಕ್ತವಿಲ್ಲ, ನರವಿಲ್ಲ, ಜೀವವಿಲ್ಲ. ಅದಕ್ಕೇ ಕತ್ತರಿಸಿದರೆ ನೋವಿಲ್ಲ, ಕಿತ್ತರೆ ನೋವು. ಕೂದಲಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯಲ್ಲಿ ಬಹುಪಾಲು ಹುಟ್ಟಿಕೊಂಡಿರುವುದು ಈ ಒಂದು ಸಂಗತಿಯನ್ನು ಮರೆತದ್ದರಿಂದ.

ಕೇಶಕೂಪಗಳ ಸಂಖ್ಯೆ ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಇದ್ದಷ್ಟೇ ಕೂಪಗಳು ಸರದಿಯ ಮೇಲೆ ದುಡಿಯುತ್ತವೆ, ಸರದಿಯ ಮೇಲೆ ದಣಿವಾರಿಸಿಕೊಳ್ಳುತ್ತವೆ. ದುಡಿಮೆಯ ಹಂತ 2ರಿಂದ 6 ವರ್ಷ. ಆಗ ಕೂದಲು ದಿನಕ್ಕೆ ಸುಮಾರು 0.35 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬಳಿಕ ಎರಡು ಮೂರು ವಾರ ಕೂಪ ಕುಗ್ಗುತ್ತದೆ, ಅಲ್ಲಿಂದ ಸುಮಾರು ಮೂರು ತಿಂಗಳು ಸುಮ್ಮನಿರುತ್ತದೆ. ಆ ವಿಶ್ರಾಂತಿ ಮುಗಿಯುವ ಹೊತ್ತಿಗೆ ಹಳೆಯ ಕೂದಲು ಉದುರಿ, ಅದೇ ಕೂಪದಿಂದ ಹೊಸದು ಹೊರಡುತ್ತದೆ. ಒಬ್ಬಳ ಹೆರಳು ಸೊಂಟ ದಾಟುವುದು, ಇನ್ನೊಬ್ಬಳದು ಎಷ್ಟು ಎಣ್ಣೆ ಹಚ್ಚಿದರೂ ಬೆನ್ನಿಗೇ ನಿಲ್ಲುವುದು ಈ ದುಡಿಮೆಯ ಅವಧಿಯಿಂದ. ಮೂರು ವರ್ಷ ದುಡಿಯುವ ಕೂಪ 38 ಸೆಂಟಿಮೀಟರ್ ಕೊಟ್ಟರೆ, ಆರು ವರ್ಷದ್ದು 77 ಸೆಂಟಿಮೀಟರ್ ಕೊಡುತ್ತದೆ. ಈ ಅವಧಿ ವಂಶಪಾರಂಪರ್ಯವಾಗಿ ಬರುತ್ತದೆ. ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ ಎಂಬವರ 236.22 ಸೆಂಟಿಮೀಟರ್ ಕೂದಲು 2023ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅಂಥ ಉದ್ದ ಕೋಟಿಗೊಬ್ಬರಿಗೆ ಒಲಿದದ್ದು, ಯಾವುದೋ ತೈಲದ ಮಹಿಮೆಯಲ್ಲ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹಣಿಗೆಗೆ ಸಿಕ್ಕಿದ ಕೂದಲಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಬೇರೇ ಕಿತ್ತು ಬಂತೆಂದು ಹೌಹಾರುವವರುಂಟು. ಅದು ಬೇರಲ್ಲ, ಅವಧಿ ಮುಗಿಸಿದ ಕೂದಲಿನ ಒಣಗಿದ ಬುಡ. ಬೇರು ಕೂಪದಲ್ಲೇ ಉಳಿದಿರುತ್ತದೆ. ಚುಕ್ಕೆಯೇ ಇಲ್ಲದ, ಮೋಟಾದ ತುಂಡುಗಳು ಹೆಚ್ಚು ಸಿಗುತ್ತಿದ್ದರೆ ಕೂದಲು ಉದುರುತ್ತಿಲ್ಲ, ನಡುವೆ ಮುರಿಯುತ್ತಿದೆ ಎಂದರ್ಥ. ಮೊದಲನೆಯದರ ಕಾರಣ ದೇಹದೊಳಗಿದೆ, ಎರಡನೆಯದರ ಕಾರಣ ತಲೆ ಬಾಚುವ, ತೊಳೆಯುವ ರೀತಿಯಲ್ಲಿದೆ.

ಬಾಗಲಕೋಟೆ ಜಿಲ್ಲೆಯ ಹುನ್ನೂರ, ಜಮಖಂಡಿ ಸೀಮೆಯಲ್ಲಿ ಮಗುವಿನ ಜಾವಳ ತೆಗೆಸುವುದು ಮನೆದೇವರ ಮುಂದೆ ನಡೆಯುವ ಸಂಭ್ರಮ. ಸಂಭ್ರಮಕ್ಕೆ ಅಡ್ಡಿಯಿಲ್ಲ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಕ್ಷೌರದಿಂದ ಕೂದಲಿನ ದಪ್ಪವಾಗಲಿ ವೇಗವಾಗಲಿ ಬದಲಾಗದೆಂದು ಅಳೆದು ತೋರಿಸಿದರು. ಕತ್ತಿ ಮುಟ್ಟುವುದು ಸತ್ತ ಎಳೆಯನ್ನು. ಕೆಳಗಿನ ಗಡ್ಡೆಗೆ ಅದರ ಸುಳಿವೂ ಇರುವುದಿಲ್ಲ. ಹುಟ್ಟುಗೂದಲಿನ ತುದಿ ಚೂಪು, ಬೋಳಿಸಿದ ಕೂದಲಿನ ತುದಿ ಮೊಂಡು. ಮೊಂಡು ತುದಿ ಕೈಗೆ ಒರಟಾಗಿ ತಾಗಿ ದಪ್ಪವೆನಿಸುತ್ತದೆ. ಮಗುವಿನ ಮೊದಲ ಕೂದಲು ಬೋಳಿಸದಿದ್ದರೂ ಉದುರಿ, ದಪ್ಪ ಕೂದಲಿಗೆ ಜಾಗ ಬಿಡುತ್ತದೆ. ಕಾಲ ಮಾಡಿದ ಕೆಲಸದ ಹೆಸರು ಕತ್ತಿಗೆ ಬಂದಿದೆ, ಅಷ್ಟೆ.

ಈ ಭಾಗದಲ್ಲಿ ಇದಕ್ಕಿಂತ ಕ್ರೂರವಾದ ಇನ್ನೊಂದು ನಂಬಿಕೆಯುಂಟು. ಹೆಣ್ಣುಮಗಳ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆಯಾದರೆ ಅದು ಸವದತ್ತಿ ಎಲ್ಲಮ್ಮನ ಕರೆ, ಕತ್ತರಿಸಿದರೆ ಕೇಡು ಎಂಬುದು ಆ ನಂಬಿಕೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಹಲವು ಬಾಲೆಯರನ್ನು ದೇವದಾಸಿಯಾಗಿ ಬಿಡಲು ಈ ಜಡೆಯೇ ನೆಪವಾಯಿತು. ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪುಗೊಂಡದ್ದು 1982ರಲ್ಲಿ. ಜಡೆಯ ಭಯ ಮಾತ್ರ ಕಾಯ್ದೆಯೊಂದಿಗೆ ಮುಗಿಯಲಿಲ್ಲ.

ಜಡೆ ಹೇಗೆ ಕಟ್ಟುತ್ತದೆಂಬುದು ಕೂದಲಿನ ಹೊರಮೈಯಲ್ಲಿ ಬರೆದಿದೆ. ಪ್ರತಿ ಎಳೆಯ ಮೇಲೂ ಆರರಿಂದ ಹತ್ತು ಪದರ ತೆಳು ಹುರುಪೆಗಳು ಒಂದರ ಮೇಲೊಂದು ಒರಗಿರುತ್ತವೆ. ಎಲ್ಲದರ ಅಂಚೂ ಎಳೆಯ ತುದಿಯ ಕಡೆಗೆ. ಇದನ್ನು ನೋಡಲು ಸೂಕ್ಷ್ಮದರ್ಶಕ ಬೇಕು, ತಿಳಿಯಲು ಎರಡು ಬೆರಳು ಸಾಕು. ಒಂದು ಉದ್ದ ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿದರೆ ಅದು ಒಂದೇ ದಿಕ್ಕಿಗೆ ತೆವಳತೊಡಗುತ್ತದೆ, ಯಾವಾಗಲೂ ಬುಡದ ಕಡೆಗೆ. ಹುರುಪೆಯ ಅಂಚು ಒಂದು ಕಡೆಗೆ ಜಾರಲು ಬಿಡುತ್ತದೆ, ಇನ್ನೊಂದು ಕಡೆಗೆ ಅಡ್ಡಗಾಲು ಹಾಕುತ್ತದೆ.

ತಲೆಯ ಮೇಲೆ ಎಲ್ಲ ಕೂದಲಿನ ಬುಡವೂ ಒಂದೇ ಕಡೆ ಇರುವುದರಿಂದ ಹುರುಪೆಗಳು ಸಾಲಾಗಿ ಮಲಗಿ ಎಳೆಗಳು ನುಣುಪಾಗಿ ಜಾರುತ್ತವೆ. ಉದುರಿದ ಕೂದಲು ಹೊರಗೆ ಬೀಳದೆ ತುರುಬಿನಲ್ಲೇ ಉಳಿದಾಗ ತೊಡಕು ಶುರು. ಅದರ ಬುಡ ಯಾವ ದಿಕ್ಕಿಗಾದರೂ ತಿರುಗಬಹುದು. ಎದುರುಬದುರಾದ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ತಿಕ್ಕಿದಷ್ಟೂ ಬಿಗಿಯುತ್ತವೆ. ಕುರಿಯ ಉಣ್ಣೆ ಬಿಸಿನೀರು, ಸಾಬೂನಿನಲ್ಲಿ ತುಳಿಸಿಕೊಂಡು ಒತ್ತೊತ್ತಾಗಿ ಗಟ್ಟಿಯಾಗುವುದೂ ಇದೇ ಹುರುಪೆಯಿಂದ. ದಿನಕ್ಕೆ 50ರಿಂದ 100 ಎಂದರೆ ವರ್ಷಕ್ಕೆ 18 ಸಾವಿರದಿಂದ 36 ಸಾವಿರ ಕೂದಲು. ವರ್ಷಗಟ್ಟಲೆ ಹಣಿಗೆ ಕಾಣದ ತಲೆಯಲ್ಲಿ ಇಷ್ಟೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆವರು, ಎಣ್ಣೆಜಿಡ್ಡು, ಧೂಳು, ಭಂಡಾರದ ಅರಿಶಿನ ಸೇರಿ ಅಂಟು ಹಿಡಿಸುತ್ತವೆ. ಹೇನು, ಕಜ್ಜಿಯಿದ್ದರೆ ತುರಿಸಿ ತುರಿಸಿ ಗಂಟು ಇನ್ನೂ ಬೇಗ ಕಟ್ಟುತ್ತದೆ.

ಒಮ್ಮೆ ಎರೆದುಕೊಂಡದ್ದೇ ತಡ ಇಡೀ ಕೂದಲು ಮುದ್ದೆಯಾಗುವುದೂ ಉಂಟು. ‘ರಾತ್ರೋರಾತ್ರಿ ದೇವಿ ಬಂದಳು’ ಎಂಬ ಮಾತಿಗೆ ಇಂಥದ್ದೇ ಸಂದರ್ಭ ಮೂಲವಾಗಬಹುದು. ಕೊಬ್ಬರಿ ಎಣ್ಣೆಯ ಜೊತೆ ಔಡಲ ಎಣ್ಣೆ ಹಚ್ಚಿಕೊಂಡು ತಲೆ ತೊಳೆದ 20 ವರ್ಷದ ಯುವತಿಯೊಬ್ಬಳ ಉದ್ದಗೂದಲು ಬಿಡಿಸಲಾಗದಂತೆ ಕಟ್ಟಿಕೊಂಡ ಪ್ರಕರಣವನ್ನು ಭಾರತದ ವೈದ್ಯರು 2017ರಲ್ಲಿ ವರದಿ ಮಾಡಿದ್ದಾರೆ. ಔಡಲ ಎಣ್ಣೆ ಬಹಳ ಮಂದ. ಅದರ ಜಿಗುಟೇ ಮುಳುವಾಯಿತು. ಉಪಾಯವಿದ್ದದ್ದು ಕತ್ತರಿಯೊಂದೇ.

ಇಂಥ ಭಯ ಎಲ್ಲಮ್ಮನ ನಾಡಿಗೆ ಮೀಸಲಲ್ಲ. ಎಲ್ಲಮ್ಮನ ಹೆಸರೇ ಕೇಳದ ಪೋಲೆಂಡಿನಲ್ಲಿ ಶತಮಾನಗಳ ಕಾಲ ಜನ ಜಡೆ ಹೊತ್ತು ತಿರುಗಿದರು. ರೋಗವನ್ನು ಅದು ಮೈಯಿಂದ ಹೊರಗೆಳೆಯುತ್ತದೆ, ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಎಂದು ಅಲ್ಲಿಯೂ ಹೆದರುತ್ತಿದ್ದರು. ಇದು ರೋಗವೂ ಅಲ್ಲ, ಮದ್ದೂ ಅಲ್ಲ, ಬಾಚದ ತಲೆಯ ಫಲ ಎಂದು 19ನೇ ಶತಮಾನದಲ್ಲಿ ಪಟ್ಟುಹಿಡಿದು ವಾದಿಸಿದವರು ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್. ಜಡೆಗಳು ಕತ್ತರಿಗೆ ಬಿದ್ದವು. ಯಾರ ಕಣ್ಣೂ ಹೋಗಲಿಲ್ಲ. ನಮ್ಮಲ್ಲಿ ಅದೇ ಕೆಲಸವನ್ನು ಮಾಜಿ ದೇವದಾಸಿಯರೇ ಸುಧಾರಣೆಗೆ ನಿಂತು ಬೆಳಗಾವಿ ಜಿಲ್ಲೆಯಲ್ಲಿ ಮಾಡಿದ್ದಾರೆ. ಪಕ್ಕದ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ನಂದಿನಿ ಜಾಧವ್ ಮನವೊಲಿಸಿ ಜಡೆ ಕತ್ತರಿಸುತ್ತ ಬಂದಿದ್ದಾರೆ. ಜಡೆ ಇಳಿದ ಮೇಲೆ ಕತ್ತಿನ ನೋವು, ತಲೆಭಾರ ಕಡಿಮೆಯಾಗುತ್ತದೆ. ಅಡಿಯಲ್ಲಿ ಮುಚ್ಚಿಹೋಗಿದ್ದ ಹೇನು, ಹುಣ್ಣಿಗೆ ಮದ್ದು ಮುಟ್ಟುತ್ತದೆ. ಹೀಗಿರುವಾಗ ಮಗಳ ತಲೆಯ ಸಿಕ್ಕನ್ನು ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ, ಮೈಗಳ್ಳತನ; ಅದರ ಬೆಲೆ ತೆರುವವಳು ಆ ಮಗಳು.

ಕೂದಲಿನ ಆರೈಕೆ ಎರಡು ಬಗೆ. ಹೊರಗಿನ ಎಳೆಗೆ ಬೇಕಾದದ್ದು ಸವೆಯದಂತೆ ಕಾಯುವುದು ಮಾತ್ರ. 60 ಸೆಂಟಿಮೀಟರ್ ಕೂದಲಿನ ತುದಿಗೆ ಹತ್ತಿರಹತ್ತಿರ ಐದು ವರ್ಷ ವಯಸ್ಸು. ಅಷ್ಟೂ ಬೇಸಗೆಯ ಬಿಸಿಲುಂಡ ತುದಿ ಸೀಳುವುದು ಸಹಜ. ಸೀಳಿದ್ದನ್ನು ಯಾವ ತೈಲವೂ ಬೆಸೆಯದು, ಕತ್ತರಿಸಬೇಕು. ಎಣ್ಣೆ ಕೂದಲನ್ನು ಬೆಳೆಸುವುದಿಲ್ಲ, ಆದರೆ ಕಾಯುತ್ತದೆ. ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು ಪ್ರೋಟೀನು ನಷ್ಟವನ್ನು ತಗ್ಗಿಸಿತು. ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳಿಗೆ ಆ ಗುಣ ಕಾಣಲಿಲ್ಲ. ತಲೆ ತೊಳೆಯುವ ಮುಂಚೆ ಹಚ್ಚಿದರೆ ಇದರ ಉಪಯೋಗ ಹೆಚ್ಚು. ಹೊಟ್ಟಿಗೆ ಮಾತ್ರ ಎಣ್ಣೆ ಮದ್ದಲ್ಲ: ಹೊಟ್ಟಿನ ಹಿಂದಿರುವ ಮಲಾಸೇಜಿಯಾ ಎಂಬ ಶಿಲೀಂಧ್ರ ತಿಂದು ಬೆಳೆಯುವುದೇ ಜಿಡ್ಡನ್ನು. ಅದಕ್ಕೆ ಕೀಟೊಕೊನಜೋಲಿನಂಥ ಶಿಲೀಂಧ್ರನಾಶಕ ಇರುವ ಶ್ಯಾಂಪು ಬೇಕು.

ನೀರಿನದೂ ಪಾಲಿದೆ. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗೆ ಒದಗುವಷ್ಟು ಸುಣ್ಣಗಲ್ಲಿದೆ. ಅಂಥ ನೆಲದ ಬೋರಿನ ನೀರಿಗೆ ಕ್ಯಾಲ್ಸಿಯಂ ಸೇರಿ ಗಡಸಾಗುತ್ತದೆ. ಮೈಸಾಬೂನು ಅದರಲ್ಲಿ ನೊರೆ ಬಿಡದೆ ಬೆಳ್ಳನೆಯ ಜಿಗುಟಾಗಿ ಕೂದಲಿಗೆ ಮೆತ್ತುತ್ತದೆ. ಸಾಬೂನಿನ ಕ್ಷಾರಕ್ಕೆ ಹುರುಪೆಗಳೂ ಎದ್ದು ನಿಲ್ಲುತ್ತವೆ. ಸೀಗೆಕಾಯಿ, ಅಂಟವಾಳ, ಶ್ಯಾಂಪು ಇವುಗಳಿಗೆ ಈ ತೊಂದರೆ ಕಡಿಮೆ. ಒದ್ದೆ ಕೂದಲು ಉಬ್ಬಿ ಬಲ ಕಳೆದುಕೊಂಡಿರುತ್ತದೆ. ಆಗ ಬಿಡಿಹಲ್ಲಿನ ಹಣಿಗೆಯಿಂದ ತುದಿಯಲ್ಲಿ ಮೊದಲು ಸಿಕ್ಕು ಬಿಡಿಸಿ, ಮೆಲ್ಲಗೆ ಬುಡದತ್ತ ಏರಬೇಕು. ಬಿಗಿದೆಳೆದು ಹೆಣೆಯುವ ಹೆರಳು ವರ್ಷಗಳು ಕಳೆದಂತೆ ಹಣೆಯ ಮೇಲಿನ ಕೂದಲನ್ನು ಶಾಶ್ವತವಾಗಿ ತಿನ್ನಬಹುದು.

ಒಳಗಿನ ಗಡ್ಡೆಗೆ ಬೇಕಾದದ್ದು ಅನ್ನದ ಮೂಲಕವೇ ಹೋಗಬೇಕು: ಪ್ರೋಟೀನು, ಕಬ್ಬಿಣ, ಸತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಅಂಥವರ ತಲೆಗೆ ದುಬಾರಿ ಎಣ್ಣೆಗಿಂತ ಹೊಟ್ಟೆಗೆ ಕಾಳು, ಮೊಟ್ಟೆ, ಸೊಪ್ಪು, ಕಬ್ಬಿಣದ ಮಾತ್ರೆ ಮೇಲು. ಹೆರಿಗೆ, ಟೈಫಾಯ್ಡ್, ಡೆಂಗಿ ಕಳೆದು ಎರಡು ಮೂರು ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರಬಹುದು. ಆಘಾತಕ್ಕೆ ಕೂಪಗಳು ಒಟ್ಟಿಗೆ ವಿಶ್ರಾಂತಿಗೆ ಇಳಿದದ್ದರ ಲೆಕ್ಕ ಅದು. ಬಹುತೇಕ ತಾನಾಗಿ ಸರಿಹೋಗುತ್ತದೆ.

ಗಂಡಸರ ಬೋಳು ಬೇರೆ ಬಗೆ. ಡೈಹೈಡ್ರೊಟೆಸ್ಟೊಸ್ಟೆರಾನ್ ಎಂಬ ಹಾರ್ಮೋನಿಗೆ ವಂಶದಿಂದಲೇ ಸೂಕ್ಷ್ಮವಾದ ಕೂಪಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತವೆ. ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಔಷಧಿಗೆ ಕೂದಲು ಬೆಳೆಸುವ ಗುಣವಿರುವುದು ಆಮೇಲೆ ತಿಳಿಯಿತು. 1988ರಲ್ಲಿ ಅಮೆರಿಕ ಅದನ್ನು ತಲೆಗೆ ಹಚ್ಚಲು ಒಪ್ಪಿತು. ಹಚ್ಚುವುದನ್ನು ಬಿಟ್ಟರೆ ಗುಣವೂ ಬಿಡುತ್ತದೆ. ನಾಣ್ಯದಗಲ ನುಣ್ಣಗೆ ಕೂದಲು ಹೋದರೆ ‘ಹುಳ ತಿಂದಿದೆ’ ಎನ್ನುವುದುಂಟು. ಅಲ್ಲಿ ಹುಳವಿಲ್ಲ, ದೇಹದ ರಕ್ಷಣಾಪಡೆ ತನ್ನದೇ ಕೂಪದ ಮೇಲೆ ಎರಗಿರುತ್ತದೆ. ಮಕ್ಕಳ ತಲೆಯಲ್ಲಿ ಹೊಟ್ಟೆದ್ದು, ಕೂದಲು ಮುರಿದು, ತುರಿಸುವ ಕಲೆಯಿದ್ದರೆ ಅದು ಶಿಲೀಂಧ್ರ ಸೋಂಕು. ಹಚ್ಚುವ ಮದ್ದು ಸಾಲದು, ನುಂಗುವ ಮಾತ್ರೆಯೇ ಬೇಕು. ಈ ಎರಡಕ್ಕೂ, ಆರು ತಿಂಗಳಾದರೂ ನಿಲ್ಲದ ಉದುರುವಿಕೆಗೂ ಚರ್ಮವೈದ್ಯರನ್ನು ಕಾಣಬೇಕು.