ಕಬ್ಬು ಕಡಿದವರು ಯಾರು? ಚಿತ್ರದಲ್ಲಿ ಪತ್ತೇದಾರಿ ಕತೆ ಓದುವ ಬಗೆ

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿ ಬೆಟ್ಟದ ಮನೆಗಳಲ್ಲಿ ಮಾತು ಕನ್ನಡ. ಶಾಲೆಗೆ ಹೋದರೆ ತಮಿಳು ಬೇಕು, ಇಂಗ್ಲಿಷೂ ಬೇಕು. ಹೀಗೆ ಬೆಳೆಯುವ ಮಗುವಿನ ಕೈಗೆ ದಪ್ಪ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಕೊಟ್ಟರೆ ಹತ್ತನೇ ಪುಟಕ್ಕೇ ಮಡಚಿಡುತ್ತದೆ. ಅಂಥವರಿಗೆ ಒಗ್ಗುವುದು ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರದಲ್ಲೇ ಸಾಗುವ ಪುಸ್ತಕ.

ಇದು ಕಾಮಿಕ್ಸ್ ಅಲ್ಲವೇ ಎಂದು ಕೇಳಬಹುದು. ಹೌದು, ಅದೇ ಕುಲ. ಹಿಂದೆ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಕನ್ನಡದಲ್ಲೇ ಬರುತ್ತಿದ್ದ. ಮನೆಯ ಹಿರಿಯರನ್ನು ಕೇಳಿ ನೋಡಿ. ಗ್ರಾಫಿಕ್ ಕಾದಂಬರಿ ಸಾಮಾನ್ಯವಾಗಿ ಅದಕ್ಕಿಂತ ದಪ್ಪ, ಕತೆಯೂ ಉದ್ದ.

ಕತೆಗಳಲ್ಲಿ ಬರುವ ಹದಿಹರೆಯದ ಪತ್ತೇದಾರರಲ್ಲಿ ಹೆಸರಾದವರು ಅಮೆರಿಕದ ಹಾರ್ಡಿ ಬಾಯ್ಸ್ ಮತ್ತು ನ್ಯಾನ್ಸಿ ಡ್ರೂ. ಹಾರ್ಡಿ ಸೋದರರು ಹುಟ್ಟಿದ್ದು 1927ರಲ್ಲಿ, ನ್ಯಾನ್ಸಿ 1930ರಲ್ಲಿ. 2005ರಲ್ಲಿ ಪೇಪರ್‌ಕಟ್ಜ್ ಸಂಸ್ಥೆ ಇವರನ್ನು ಚಿತ್ರಕ್ಕೆ ತಂದಿತು. ಅಲ್ಲಿ ಹೆಸರು ಹಳೆಯದು, ಕತೆ ಹೊಸದು. ನ್ಯಾನ್ಸಿಯ ಕೈಯಲ್ಲಿ ಮೊಬೈಲ್ ಇದೆ. 2017ರಲ್ಲಿ ಡೈನಮೈಟ್ ಸಂಸ್ಥೆ ತಂದ 'ದಿ ಬಿಗ್ ಲೈ' ಇನ್ನೂ ಗಾಢ. ಹಾರ್ಡಿಗಳ ಮೇಲೆ ತಂದೆಯನ್ನೇ ಕೊಂದ ಆರೋಪ ಬರುತ್ತದೆ. ಚಿಕ್ಕ ಮಕ್ಕಳಿಗೆ ಇದು ಬೇಡ.

ನಮ್ಮ ದೇಶದ್ದು ಬೇಕೆಂದರೆ ಸತ್ಯಜಿತ್ ರೇ ಅವರ ಫೆಲೂದಾ ಇದ್ದಾನೆ. 1965ರಲ್ಲಿ ಬಂಗಾಳಿಯಲ್ಲಿ ಶುರುವಾದ ಕತೆಗಳಿವು. ಫೆಲೂದಾ ದೊಡ್ಡವನು, ಕತೆ ಹೇಳುವವನು ಮಾತ್ರ ಅವನ ಜೊತೆ ತಿರುಗುವ ಹುಡುಗ ತೋಪ್ಷೆ. ಪಫಿನ್ ಇವನ್ನು ಇಂಗ್ಲಿಷಿನಲ್ಲಿ ಚಿತ್ರಕತೆಯಾಗಿ ತಂದಿದೆ. ಬರವಣಿಗೆ ಸುಭದ್ರಾ ಸೇನ್ ಗುಪ್ತಾ, ಚಿತ್ರ ತಾಪಸ್ ಗುಹಾ.

ಬರಹ ಚಿತ್ರವಾಗುವುದು ಹೇಗೆ? ನಮ್ಮೂರಿನದೇ ಒಂದು ಕತೆ ಕಟ್ಟೋಣ. ಕಾದಂಬರಿಯಲ್ಲಾದರೆ ಹೀಗಿರುತ್ತದೆ: "ಕಬ್ಬಿನ ಗದ್ದೆಗೆ ಆನೆ ನುಗ್ಗಿತು ಎಂದು ಊರೆಲ್ಲ ಹೇಳಿತು. ಕಬ್ಬು ಕತ್ತಿಯಿಂದ ಕಡಿದ ಹಾಗಿದ್ದದ್ದರಿಂದ ಹುಡುಗಿಗೆ ಅನುಮಾನ ಬಂತು." ಸುಳಿವನ್ನು ಲೇಖಕನೇ ಹೇಳಿಬಿಟ್ಟ.

ಚಿತ್ರದಲ್ಲಿ ಇದು ನಾಲ್ಕು ಪ್ಯಾನೆಲ್, ಅಂದರೆ ನಾಲ್ಕು ಚೌಕಟ್ಟು. ಮೊದಲನೆಯದರಲ್ಲಿ ಹಾಳಾದ ಗದ್ದೆ, ಹಿಂದೆ ಕಾಡು. ಎರಡನೆಯದರಲ್ಲಿ ಜನ ಕಾಡಿನ ಕಡೆ ಕೈ ತೋರಿಸುತ್ತಿದ್ದಾರೆ, ಸ್ಪೀಚ್ ಬಲೂನಿನಲ್ಲಿ, ಅಂದರೆ ಮಾತಿನ ಗುಳ್ಳೆಯಲ್ಲಿ, "ಆನೆ!" ಎಂಬ ಒಂದೇ ಪದ. ಮೂರನೆಯದರಲ್ಲಿ ಮಾತೇ ಇಲ್ಲ. ಓರೆಯಾಗಿ, ನುಣ್ಣಗೆ ಕಡಿದ ಒಂದು ಕಬ್ಬಿನ ಕೂಳೆ. ನಾಲ್ಕನೆಯದರಲ್ಲಿ ಹುಡುಗಿಯ ಕಣ್ಣು. ಆನೆ ಕಬ್ಬನ್ನು ಕಿತ್ತು ಮುರಿಯುತ್ತದೆ, ಕತ್ತಿ ಹಿಡಿಯುವುದಿಲ್ಲ. ಇದನ್ನು ಊಹಿಸಿಕೊಳ್ಳಬೇಕಾದವರು ಓದುವವರೇ. ಚೌಕಟ್ಟುಗಳ ನಡುವಿನ ಬಿಳಿ ಜಾಗಕ್ಕೆ ಗಟರ್ ಎನ್ನುತ್ತಾರೆ. ಪತ್ತೇದಾರಿಕೆ ನಡೆಯುವುದು ಅಲ್ಲೇ. ಕಳ್ಳನ ಮುಖವನ್ನು ಮಾತ್ರ ಹಾಳೆ ತಿರುವಿದ ಮೇಲೆ ಕಾಣುವ ಹಾಗೆ ಇಡುತ್ತಾರೆ.

ಚಿತ್ರ ನೋಡಿದರೆ ಓದುವ ಅಭ್ಯಾಸ ಕೆಡುವುದಿಲ್ಲವೇ? ಇಲ್ಲ. ಪುಟಗಳನ್ನು ಓಡಿಸಿಕೊಂಡು ಹೋದರೆ ಕತೆ ಕೈಗೆ ಸಿಗುವುದಿಲ್ಲ. ಮಗು ತಾನಾಗಿಯೇ ಹಿಂದಿನ ಪುಟಕ್ಕೆ ಹೋಗಿ ಹುಡುಕುತ್ತದೆ. ಅದೂ ಓದೇ.

ಖರ್ಚಿನ ಮಾತು. ಇಂಗ್ಲಿಷ್ ಪುಸ್ತಕಕ್ಕೆ ಕೆಲವು ನೂರು ರೂಪಾಯಿ ಬೀಳುತ್ತದೆ. ಆಗಸ್ಟ್ ಹೊತ್ತಿಗೆ ನಡೆಯುವ ಈರೋಡ್ ಪುಸ್ತಕೋತ್ಸವದಲ್ಲಿ ಹುಡುಕಬಹುದು, ಆದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರ ದಾಟಿ ಮೈಸೂರಿನ ಅಂಗಡಿಗೆ ಹೋಗುವುದು ಹಲವರಿಗೆ ಸಲೀಸು. ತಮಿಳು ಓದುವ ಮಕ್ಕಳಿಗೆ ಶಿವಕಾಶಿಯ ಲಯನ್-ಮುತ್ತು ಕಾಮಿಕ್ಸ್ ಇದೆ. ದುಡ್ಡು ಬೇಡವೆಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಿ. ಪತ್ತೇದಾರಿಯೇ ಆಗಬೇಕೆಂದಿಲ್ಲ, ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ.

ಇಂಥ ಪತ್ತೇದಾರರ ಹೊಸ ಕತೆಯನ್ನು ಮಕ್ಕಳೇ ಬರೆದು ಅಚ್ಚು ಹಾಕಿಸಬಹುದೇ? ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ರೇ ತೀರಿಕೊಂಡದ್ದು 1992ರಲ್ಲಿ. ಫೆಲೂದಾನನ್ನು ಕೇಳದೆ ಮುಟ್ಟುವಂತಿಲ್ಲ. ಕಾನನ್ ಡಾಯ್ಲ್ 1930ರಲ್ಲೇ ಹೋದರು. ಹಾಗಾಗಿ ಅವರ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ತಾಳವಾಡಿ ಸಂತೆಗೆ ಕರೆತರಲು ಯಾರ ಅಪ್ಪಣೆಯೂ ಬೇಡ.

ಕೊನೆಗೊಂದು ಉಪಾಯ. ಮೊದಲ ಸಲ ಬಲೂನು ಓದದೆ ಚಿತ್ರವನ್ನಷ್ಟೇ ನೋಡಲು ಹೇಳಿ. ಯಾರ ಮೇಲೆ ಅನುಮಾನ ಎಂದು ಕೇಳಿ, ಕನ್ನಡದಲ್ಲೇ ಹೇಳಲಿ. ಬಲೂನಿನ ಇಂಗ್ಲಿಷನ್ನು ಆಮೇಲೆ ಓದಿದರಾಯಿತು.