ಹಳೆಯ ಛಾಯಾಚಿತ್ರ ಪತ್ರಿಕೆಗಳಲ್ಲಿ ಲೇಖನವನ್ನು ಹುಡುಕುವ ಬಗೆ

ಸಾಲಿಗ್ರಾಮ ಪ್ರಾಂತದ ಹಳೆಯ ಚಿತ್ರಗಳ ಕುರಿತಾದ ಲೇಖನವನ್ನರಸಿ ಪುಸ್ತಕಭಂಡಾರಕ್ಕೆ ಹೋದ ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳು ಬರಿಗೈಯಲ್ಲಿ ಮರಳಿದಳೆಂದು ಕೇಳಿ ಈ ನಾಲ್ಕು ಮಾತುಗಳನ್ನು ಬರೆಯಲುದ್ಯುಕ್ತಳಾದೆನು. ಆಕೆಯು ‘ಉಡುಪಿ ಜಿಲ್ಲೆ’ ಎಂದು ಹುಡುಕಿದ್ದಳಂತೆ! ಆ ಜಿಲ್ಲೆಯು ಹುಟ್ಟಿದುದೇ 1997ರಲ್ಲಿ. 1956ರ ವರೆಗೆ ನಾವು ಮದರಾಸಿಗೆ ಸೇರಿದವರು. ಆದುದರಿಂದ ‘ಸೌತ್ ಕೆನರಾ’, ಅದಕ್ಕೂ ಹಿಂದಿನದಾದರೆ ಬರೇ ‘ಕೆನರಾ’ ಎಂದು ನೋಡತಕ್ಕದ್ದು. ಕುಂದಾಪುರವು ‘ಕೂಂಡಾಪೂರ್’ ಆಗಿರುವುದುಂಟು.

ವಿಷಯಾನುಕ್ರಮಣಿಕೆಯು ಸಾಮಾನ್ಯವಾಗಿ ವರ್ಷದ ಕೊನೆಯ ಸಂಚಿಕೆಯೊಡನೆ ಬರುತ್ತಿದ್ದಿತು. ಸಂಪುಟವನ್ನು ಕಟ್ಟಿದವನು ಅದನ್ನು ಮೊದಲಿಗೂ ಸೇರಿಸಿರಬಹುದು, ಕೊನೆಗೂ ಸೇರಿಸಿರಬಹುದು. ಕಿತ್ತೊಗೆದಿದ್ದರೆ ಪುಟ ಪುಟವಾಗಿ ಮಗುಚುವುದೊಂದೇ ದಾರಿ.

ಹಾಫ್‌ಟೋನ್ ಅಚ್ಚು 1880ರ ದಶಕದ ಬಳಿಕ ರೂಢಿಗೆ ಬರುವ ತನಕ ಛಾಯಾಚಿತ್ರವನ್ನು ಅಕ್ಷರಗಳೊಡನೆ ಒಂದೇ ಪುಟದಲ್ಲಿ ಮುದ್ರಿಸುವುದು ಸುಲಭವಾಗಿರಲಿಲ್ಲ. ಚಿತ್ರವನ್ನು ಮರದ ಅಚ್ಚಿನಲ್ಲಿ ಕೊರೆಯಿಸುತ್ತಿದ್ದರು. ಕೆಲವೊಮ್ಮೆ ನಿಜವಾದ ಪ್ರತಿಯನ್ನೇ ಅಂಟಿಸುತ್ತಿದ್ದರು. ಅಂಥದನ್ನು ಕಿತ್ತುಕೊಂಡು ಹೋದ ರಸಿಕರ ಗುರುತು ಬರಿಯ ಗೋಂದಿನ ಕಲೆ!

ಬಾಸೆಲ್ ಮಿಶನ್ನಿನ ಸಾವಿರಾರು ಚಿತ್ರಗಳನ್ನು ಈಗ ಅಂತರಜಾಲದಲ್ಲಿ ಮನೆಯಿಂದಲೇ ನೋಡಬಹುದು. ನಮ್ಮ ಕರಾವಳಿಯ ಶಾಲೆಗಳೂ ಅಲ್ಲಿವೆ. ಆದರೆ ಇಂಥ ಹಳೆಯ ಚಿತ್ರಗಳಲ್ಲಿ ಮಿಶನರಿಯ ಹೆಸರಿರುವುದುಂಟು, ಸಾಲಾಗಿ ಕುಳಿತ ಹುಡುಗಿಯರ ಹೆಸರು ದೊರೆಯುವುದು ಅಪೂರ್ವ. ನಿಮ್ಮ ಮನೆಗಳಲ್ಲಿ ಶಾಲೆಯ ಚಿತ್ರಗಳಿದ್ದರೆ ಅಜ್ಜಿಯವರನ್ನು ಕೇಳಿ, ಬೆನ್ನಿಗೆ ಮೆತ್ತನೆಯ ಸೀಸದ ಕಡ್ಡಿಯಿಂದ ಹೆಸರುಗಳನ್ನು ಬರೆದಿಡಿರಿ. ಶಾಯಿಯು ಬೇಡ, ಅದು ಮುಂಬದಿಗೆ ಇಳಿಯುತ್ತದೆ.