ಆಟಕ್ಕೂ ಬೇಕು ತಾಲೀಮು

ನಾಟಕವೊಂದು ರಂಗವೇರುವ ಮುನ್ನ ದೀರ್ಘಕಾಲ ತಾಲೀಮು ನಡೆಯುವುದನ್ನು ನಾವೆಲ್ಲರೂ ಬಲ್ಲೆವು. ತಪ್ಪಿದ ಮಾತನ್ನು ತಿದ್ದುವುದು, ಸಪ್ಪೆಯೆನಿಸಿದ ದೃಶ್ಯವನ್ನು ಬಿಡುವುದು, ಎಲ್ಲವೂ ಪರದೆಯ ಹಿಂದೆಯೇ ಮುಗಿಯುತ್ತದೆ. ಆದರೆ ಇಂದಿನ ಅನೇಕ ವಿಡಿಯೋ ಗೇಮುಗಳ ತಾಲೀಮು ಪ್ರೇಕ್ಷಕರ ಎದುರಿನಲ್ಲಿಯೇ ನಡೆಯುತ್ತದೆ. ಕೆಲವೊಮ್ಮೆ ಆ ತಾಲೀಮಿಗೂ ಹಣ ತೆರಬೇಕಾಗುತ್ತದೆ. ಇದರಿಂದ ಆಟದ ಗುಣಮಟ್ಟ ಹೆಚ್ಚುವುದೇ, ಅಥವಾ ಅರೆಬೆಂದ ಅಡುಗೆಯನ್ನು ಬಡಿಸಲು ಇದೊಂದು ನೆಪವೇ? ಹಣ ಕೊಡುವ ತಂದೆತಾಯಂದಿರು ವಿಚಾರಿಸಬೇಕಾದ ಪ್ರಶ್ನೆಯಿದು.

ಬೀಟಾ ಎಂದರೇನು?

ಆಟದ ಆರಂಭದ ರೂಪಕ್ಕೆ 'ಆಲ್ಫಾ' ಎಂದೂ, ಬಹುಮಟ್ಟಿಗೆ ಸಿದ್ಧವಾಗಿದ್ದರೂ ದೋಷಗಳು ಉಳಿದಿರುವ ರೂಪಕ್ಕೆ 'ಬೀಟಾ' ಎಂದೂ ಹೆಸರು. ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳಿವು. ಬೀಟಾ ರೂಪವನ್ನು ಜನರ ಕೈಗಿತ್ತು ಆಡಿಸುವುದೇ ಸಾರ್ವಜನಿಕ ಬೀಟಾ ಪರೀಕ್ಷೆ. ಸಂಸ್ಥೆಯೊಳಗಿನ ಪರೀಕ್ಷಕರು ಎಷ್ಟೇ ಕುಶಲರಾಗಿದ್ದರೂ ಅವರ ಬಳಿಯಿರುವ ಯಂತ್ರಗಳು ಎಣಿಕೆಯವು. ಹೊರಗಿನ ಜನರ ಕಂಪ್ಯೂಟರುಗಳಾದರೋ ನೂರಾರು ಬಗೆಯವು. ಮೇಲಾಗಿ, ರಚಿಸಿದವರಿಗೆ ಆಟದ ದಾರಿಯೆಲ್ಲ ಕಂಠಪಾಠವಾಗಿರುತ್ತದೆ. ಹೊಸಬರು ಎಲ್ಲಿ ಎಡವುವರೆಂಬುದು ಹೊಸಬರು ಆಡಿದಾಗಲೇ ತಿಳಿಯುವುದು. ಸಾವಿರಾರು ಜನರು ಏಕಕಾಲಕ್ಕೆ ಕೂಡಿ ಆಡಿದರೆ ಸರ್ವರುಗಳು ಆ ಭಾರವನ್ನು ತಾಳಿಯಾವೇ ಎಂಬುದಕ್ಕೂ ಇದೇ ಒರೆಗಲ್ಲು.

ಮಕ್ಕಳಿಗೆ ಚಿರಪರಿಚಿತವಾದ 'ಮೈನ್‌ಕ್ರಾಫ್ಟ್' ಬೆಳೆದುದು ಹೀಗೆಯೇ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಅದರ ಅಪೂರ್ಣ ರೂಪವನ್ನು ಜನರ ಮುಂದಿಟ್ಟರು. 2010ರ ಡಿಸೆಂಬರಿನಲ್ಲಿ ಅದು ಬೀಟಾ ಹಂತ ತಲುಪಿತು. 2011ರ ನವೆಂಬರಿನಲ್ಲಿ ಪೂರ್ಣಗೊಂಡಿತು. ಆಟ ಅಪೂರ್ಣವಾಗಿದ್ದಾಗ ಬೆಲೆ ಕಡಿಮೆಯಿತ್ತು, ಹಂತಹಂತವಾಗಿ ಏರಿತು. ಕೊರತೆಯನ್ನು ಸಹಿಸಿದವರಿಗೆ ಕಡಿಮೆ ಬೆಲೆಯೆಂಬ ಈ ಲೆಕ್ಕ ನ್ಯಾಯವಾದುದೆಂದು ನಮಗೆ ತೋರುತ್ತದೆ.

ಪರೀಕ್ಷೆಯ ಬೆಳಕು ಬಿದ್ದಷ್ಟೇ

ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆಯ 'ಬಾಲ್ಡರ್ಸ್ ಗೇಟ್ 3' ಇನ್ನೊಂದು ನಿದರ್ಶನ. ಇದು ವಯಸ್ಕರಿಗೆಂದು ರಚಿತವಾದುದು, ಮಕ್ಕಳಿಗಲ್ಲ. 2020ರ ಅಕ್ಟೋಬರಿನಲ್ಲಿ ಇದರ ಮೊದಲನೆಯ ಅಂಕವನ್ನು ಮಾತ್ರ ಮಾರಾಟಕ್ಕಿಟ್ಟರು. ಈ ಆಟದಲ್ಲಿ ಹೊಡೆತ ತಾಗುವುದೂ ತಪ್ಪುವುದೂ ದಾಳದ ಮೇಲೆ ನಿಂತಿದೆ. ಸಾಲುಸಾಲಾಗಿ ಗುರಿ ತಪ್ಪಿದಾಗ ಆಟಗಾರರು ಬೇಸತ್ತರು. ಅದನ್ನರಿತ ಸಂಸ್ಥೆಯು ಅದೃಷ್ಟದ ಏರಿಳಿತವನ್ನು ತಗ್ಗಿಸುವ ಬೇರೊಂದು ದಾಳದ ಆಯ್ಕೆಯನ್ನು ಸೇರಿಸಿತು. ಸುಮಾರು ಮೂರು ವರ್ಷಗಳ ತಿದ್ದುಪಡಿಯ ತರುವಾಯ, 2023ರ ಆಗಸ್ಟಿನಲ್ಲಿ ಪೂರ್ಣ ಆಟ ಹೊರಬಂದು, ಅದೇ ವರ್ಷದ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಪಡೆಯಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಜನರು ಮೊದಲೇ ಆಡಿದ ಮೊದಲನೆಯ ಅಂಕ ನಯವಾಗಿತ್ತು. ಅವರ ಕಣ್ಣಿಗೆ ಬೀಳದ ಮೂರನೆಯ ಅಂಕದಲ್ಲಿ ದೋಷಗಳೂ ನಿಧಾನಗತಿಯೂ ಇವೆಯೆಂಬ ದೂರುಗಳು ಕೇಳಿಬಂದವು. ಅವುಗಳನ್ನು ಬಳಿಕ ಸರಿಪಡಿಸಬೇಕಾಯಿತು. ಪರೀಕ್ಷೆಯ ಬೆಳಕು ಬಿದ್ದ ಭಾಗಕ್ಕಷ್ಟೇ ಅದರ ಪ್ರಯೋಜನ.

ತಡವಾದ ಪರೀಕ್ಷೆಯಿಂದಲೂ ಹೆಚ್ಚು ಫಲವಿಲ್ಲ. 'ಬ್ಯಾಟಲ್‌ಫೀಲ್ಡ್ 2042' ಆಟದ ಸಾರ್ವಜನಿಕ ಬೀಟಾ ನಡೆದುದು 2021ರ ಅಕ್ಟೋಬರಿನಲ್ಲಿ, ಬಿಡುಗಡೆಯಾದುದು ಮರುತಿಂಗಳೇ. ಜನರಿಗೆ ಕೊಟ್ಟುದು ಕೆಲವು ತಿಂಗಳ ಹಿಂದಿನ ರೂಪವೆಂದೂ, ಕೆಲಸ ಬಹಳ ಮುಂದುವರಿದಿದೆಯೆಂದೂ ತಯಾರಕರು ಸಮಾಧಾನ ಹೇಳಿದರು. ಆದರೂ ಬಿಡುಗಡೆಯಾದ ಆಟವು ದೋಷಗಳಿಂದಾಗಿ ತೀವ್ರ ಟೀಕೆಗೆ ಗುರಿಯಾಯಿತು. ಜನರು ಹೇಳಿದುದನ್ನು ತಿದ್ದಲು ವೇಳೆಯೇ ಇಲ್ಲದಿದ್ದರೆ ಬೀಟಾ ಎಂಬುದು ಪರೀಕ್ಷೆಯಾಗದು; ಬರಿಯ ಜಾಹೀರಾತಾಗುತ್ತದೆ.

ಮತ್ತೊಂದು ಅಪಾಯವೂ ಉಂಟು. ಅಪೂರ್ಣ ಆಟವನ್ನು ಆಡಲು ಮೊದಲು ಧಾವಿಸುವವರು ಪಳಗಿದ ಆಟಗಾರರು. ಅವರ ಮಾತನ್ನಷ್ಟೇ ಕೇಳಿ ತಿದ್ದಿದ ಆಟ ಹೊಸಬರಿಗೆ ಕಬ್ಬಿಣದ ಕಡಲೆಯಾಗಬಹುದು. ಎಲ್ಲರ ಮಾತನ್ನೂ ಕೇಳಬೇಕು, ಆದರೆ ಆಟದ ಮೂಲ ಕಲ್ಪನೆಯನ್ನು ಕೈಬಿಡಬಾರದು. ಈ ವಿವೇಕ ರಚಿಸುವವರಲ್ಲಿಯೇ ಇರಬೇಕಾದುದು.

ಮನೆಯವರು ಅರಿತಿರಬೇಕಾದುದು

'ಸ್ಟೀಮ್' ಎಂಬ ಅಂತರಜಾಲ ಮಳಿಗೆಯು 2013ರಲ್ಲಿ ಅಪೂರ್ಣ ಆಟಗಳ ಮಾರಾಟಕ್ಕೆ 'ಅರ್ಲಿ ಆಕ್ಸೆಸ್' ಎಂಬ ವಿಭಾಗವನ್ನೇ ತೆರೆಯಿತು. ಆಟ ಮುಂದೆ ಬದಲಾಗಬಹುದು, ಆಗದಿರಲೂಬಹುದು. ಈಗಿರುವ ರೂಪ ಮೆಚ್ಚುಗೆಯಾಗದಿದ್ದರೆ ಕಾಯಿರಿ ಎಂದು ಆ ಮಳಿಗೆಯೇ ಎಚ್ಚರಿಸುತ್ತದೆ. 2013ರ ಡಿಸೆಂಬರಿನಲ್ಲಿ ಅಲ್ಲಿ ಮಾರಾಟಕ್ಕೆ ಬಂದ 'ಡೇ ಝಡ್' ಪೂರ್ಣಗೊಂಡುದು 2018ರ ಡಿಸೆಂಬರಿನಲ್ಲಿ. ಹತ್ತು ವರ್ಷದ ಹುಡುಗ ಹದಿನೈದು ವರ್ಷದವನಾಗುವಷ್ಟು ಕಾಲವಿದು!

ಆದುದರಿಂದ, ಮಕ್ಕಳು ಇಂಥ ಆಟವನ್ನು ಕೊಡಿಸೆಂದು ಕೇಳಿದಾಗ ನಾವು ಮೂರು ಮಾತು ವಿಚಾರಿಸೋಣ. ಇದು ಯಾವ ವಯಸ್ಸಿನವರಿಗೆ ತಕ್ಕುದು? ಮುಂದಿನ ಭರವಸೆಯನ್ನು ಬದಿಗಿಟ್ಟರೂ ಇಂದಿನ ರೂಪಕ್ಕೆ ಈ ಬೆಲೆ ಯೋಗ್ಯವೇ? ಹಿಂದೆ ಜನರು ತೋರಿಸಿದ ದೋಷಗಳನ್ನು ತಯಾರಕರು ತಿದ್ದಿರುವರೇ? ಸ್ಟೀಮಿನಲ್ಲಿ ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಲು ಅವಕಾಶವಿರುವುದನ್ನೂ ನೆನಪಿಡುವುದು ಒಳಿತು.

ದೋಷವನ್ನು ಗುರುತಿಸಿ, ಅದು ಯಾವಾಗ, ಹೇಗೆ ಕಾಣಿಸಿತೆಂದು ಸ್ಪಷ್ಟವಾಗಿ ಬರೆದು ತಿಳಿಸುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸವೇ ಸರಿ. ಆದರೆ ಅದೂ ಒಂದು ದುಡಿಮೆ. ಆ ದುಡಿಮೆಯಿಂದ ಆಟ ಉತ್ತಮಗೊಂಡರೆ ಸಂತೋಷ. ದುಡಿಸಿಕೊಂಡವರು ಕಿವಿಗೊಡದಿದ್ದರೆ ಮಗುವಿನ ಸಮಯವೂ ಮನೆಯ ಹಣವೂ ವ್ಯರ್ಥ. ಈ ಭೇದವನ್ನು ಮಕ್ಕಳೊಡನೆ ಕುಳಿತು ಅರಿಯುವುದು ಹಿರಿಯರಾದ ನಮ್ಮ ಹೊಣೆ.